ಮೆಟ್ಟಿಲು ಎಷ್ಟು ಎಂದು ಕೇಳಿ

ಕಾಲು ಸೋತವರು ಯಾರ ಮನೆಯಲ್ಲಿ ಇಲ್ಲ? ಮದುವೆಗೋ ಯಾತ್ರೆಗೋ ಎಲ್ಲರೂ ಹೊರಟು ನಿಂತಾಗ ಅವರಿಗೆ ಹೇಳುವ ಮಾತು ಒಂದೇ. “ನೀವು ಇಲ್ಲೇ ಕೂತಿರ್ರಿ, ನಾವು ಹೀಂಗ ಹೋಗಿ ಹಾಂಗ ಬರ್ತೀವಿ.” ನರಹರಿರಾಯರು ಮೂರು ವರ್ಷದಿಂದ ಈ ಮಾತು ಕೇಳುತ್ತ ಬಂದಿದ್ದರು.

ರಾಯರು ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದವರು. ಬ್ಯಾಂಕ್ ಅಧಿಕಾರಿಯಾದ ಮಗ ನಂದನ್‌ಗೆ ವಿಜಯವಾಡಕ್ಕೆ ವರ್ಗವಾಗಿ, ಪಟಮಟ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಾಗ ಹೆಂಡತಿ ಕಮಲಾಬಾಯಿಯೊಂದಿಗೆ ಅಲ್ಲಿಗೆ ಬಂದರು. ಬಂದ ವರ್ಷವೇ ಲಕ್ವಾ ಹೊಡೆದು ಎಡಗಾಲಿನ ಶಕ್ತಿ ಹೋಯಿತು. ಕೋಲು ಊರಿ ಮನೆಯೊಳಗೆ ನಡೆದಾಡುತ್ತಿದ್ದರು. ಎರಡು ಮೆಟ್ಟಿಲು ಹತ್ತಿದರೆ ಮೂರನೆಯದಕ್ಕೆ ಕಾಲು ಏಳುತ್ತಿರಲಿಲ್ಲ.

ಅವರು ಆಸ್ಪತ್ರೆಯಲ್ಲಿದ್ದಾಗ ಕಮಲಾಬಾಯಿ ಹರಕೆ ಹೊತ್ತಿದ್ದರು. ವಿಶಾಖಪಟ್ಟಣದಾಚೆ ಪೊಗಡಕೊಂಡ ಎಂಬ ಗುಡ್ಡದ ಮೇಲಿನ ಊರು. ರಾಯರು ಉಳಿದರೆ ಅಲ್ಲಿಯ ನರಸಿಂಹಸ್ವಾಮಿಯ ದರ್ಶನಕ್ಕೆ ಬರುವ ಹರಕೆ. ರಾಯರು ಉಳಿದರು. ಹರಕೆ ತೀರಿಸುವ ಮೊದಲೇ ಕಮಲಾಬಾಯಿ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ವರ್ಷಾಂತಿಕ ಮುಗಿಯುವ ತನಕ ರಾಯರು ಯಾವ ಗುಡಿಯ ಹೊಸ್ತಿಲನ್ನೂ ದಾಟಲಿಲ್ಲ. ಮುಗಿದ ಮರುದಿನವೇ ಮಗನನ್ನು ಕರೆದರು.

“ನಿಮ್ಮವ್ವನ ಹರಕಿ ನನ್ನ ತಲಿ ಮ್ಯಾಲೆ ಅದಪಾ. ನಾ ಹೋಗೂದ್ರೊಳಗ ಅದು ತೀರಬೇಕು.”

ನಂದನ್ ಯೋಚಿಸಿ ಒಂದು ದಾರಿ ಹುಡುಕಿದ. “ಹಡಗಿನಾಗ ಹೋಗೂಣಪ್ಪಾ. ಚೆನ್ನೈದಾಗ ಹತ್ತಿದ್ರ ವಿಶಾಖಪಟ್ಟಣದಾಗ ಒಂದು ದಿನ ನಿಲ್ತದ. ಅವ್ರೇ ಬಸ್ಸಿನ್ಯಾಗ ಪೊಗಡಕೊಂಡಕ್ಕ ಕರಕೊಂಡು ಹೋಗ್ತಾರ. ಹಡಗಿನ ತುಂಬ ಲಿಫ್ಟ್ ಅದಾವ.”

ಹಡಗಿನವರ ಕರಪತ್ರದಲ್ಲಿ ಪೊಗಡಕೊಂಡದ ಚಿತ್ರವಿತ್ತು. ಅದರ ಕೆಳಗೆ ‘ಎಲ್ಲವನ್ನೂ ನಡೆದೇ ನೋಡಬಹುದಾದ ಸುಂದರ ಊರು’ ಎಂದು ಬರೆದಿತ್ತು. ನಡೆಯಲಾಗದವರು ಏನು ಮಾಡಬೇಕೆಂದು ಬರೆದಿರಲಿಲ್ಲ.

ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮ ನಿವೃತ್ತ ಆರೋಗ್ಯ ಕಾರ್ಯಕರ್ತೆ. ಬಳ್ಳಾರಿಯಲ್ಲಿ ಬೆಳೆದವರು, ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆ ಆದವರು. ಅವರೂ ಜೊತೆಗೆ ಹೊರಟಿದ್ದರು. ನಂದನ್ ಅರ್ಜಿ ತುಂಬುವಾಗ ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ನಡೆಯಲು ಸಹಾಯ ಬೇಕೇ ಅಂತ ಕೇಳಿದ್ದಾರೆ ನೋಡಪ್ಪ. ನಿಮ್ಮ ತಂದೆಗೆ ಬೇಕು ಅಂತ ಬರಿ.”

“ಬ್ಯಾಡ ಅಂತ ಬರಿ,” ಎಂದರು ರಾಯರು. “ಹರಕಿ ದೇವರ ಮುಂದ ಗಾಲಿ ಕುರ್ಚಿಯೊಳಗ ಹೋಗಾವ ನಾ ಅಲ್ಲ. ನಡಕೋತನ ಹೋಗಾವ.”

“ಅನ್ನಯ್ಯ, ಹಠ ಬೇಡ.” ತೆಲುಗಿನ ರೂಢಿಯಂತೆ ಲಕ್ಷ್ಮೀಕಾಂತಮ್ಮ ರಾಯರನ್ನು ಅಣ್ಣ ಎಂದೇ ಕರೆಯುತ್ತಿದ್ದರು. “ ಹೋಗಲಿ, ಕರಪತ್ರದಲ್ಲಿ ನಂಬರಿದೆ, ಅಲ್ಲಿಯ ಗೈಡಿಗೆ ಫೋನು ಮಾಡಿ ಕೇಳಿ. ದೂರ ಎಷ್ಟು ಅಂತ ಕೇಳಬೇಡಿ, ಹತ್ತಿರವೇ ಅಂತಾರೆ. ಮೆಟ್ಟಿಲು ಎಷ್ಟು ಅಂತ ಕೇಳಿ.”

“ನಾನೇ ಕೇಳ್ತೀನಿ. ನನಗೂ ತೆಲುಗು ಬರ್ತದ.”

ಬರುತ್ತಿದ್ದುದು ತರಕಾರಿ ಕೊಳ್ಳುವಷ್ಟು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ರಾಯರು ರಾಮಚಂದ್ರನೆಂಬ ಆ ಗೈಡಿಗೆ ಫೋನು ಮಾಡಿದರು. ಗುಡ್ಡಕ್ಕೆ ಗಾಡಿ ಇದೆಯೇ ಎಂದು ತಮಗೆ ಬಂದ ಹಾಗೆ ಕೇಳಿದರು. ಅವನು “ಕೊಂಡ ಎಕ್ಕಿತೇ ಚಾಲು ಸಾರ್” ಎಂದ. ಸಂಜೆ ಮಗ ಬಂದಾಗ ರಾಯರ ಮುಖದಲ್ಲಿ ಗೆಲುವಿತ್ತು.

“ಗಾಡಿ ಅದಪಾ. ಹತ್ತಿ ಕೂತ್ರ ಚಾಲೂ ಅಂತ. ಸುಮ್ನ ಎಲ್ಲಾರೂ ನನ್ನ ಹೆದರಿಸ್ತೀರಿ.”

ನಂದನ್ ಮತ್ತೆ ವಿಚಾರಿಸಲಿಲ್ಲ. ಅರ್ಜಿಯಲ್ಲಿ ‘ಬೇಡ’ ಎಂದು ಗುರುತು ಹಾಕಿ ಕಳಿಸಿದ.

ಮೂರು ವಾರದ ಮೇಲೆ, ಬೆಳಿಗ್ಗೆ ಹನ್ನೊಂದೂವರೆಗೆ, ಬಸ್ಸು ಪೊಗಡಕೊಂಡದ ಬುಡದಲ್ಲಿ ನಿಂತಿತು. ರಾಯರು ಕೋಲು ಊರಿ ಇಳಿದು ತಲೆ ಎತ್ತಿದರು. ಕಲ್ಲಿನ ಮೆಟ್ಟಿಲುಗಳು ಸುಣ್ಣ ಬಳಿದ ಮನೆಗಳ ನಡುವೆ ಹಾದು ಆಕಾಶಕ್ಕೆ ಹೋಗಿದ್ದವು. ಗಾಡಿ ಎಲ್ಲಿಯೂ ಇರಲಿಲ್ಲ.

“ಎಷ್ಟು ಮೆಟ್ಟಿಲು?” ಎಂದು ನಂದನ್ ತೆಲುಗಿನಲ್ಲಿ ಕೇಳಿದ.

“ನೂರ ಎಂಬತ್ತಾರು ಸಾರ್,” ಎಂದ ರಾಮಚಂದ್ರ. “ಮೇಲೆ ಹೋದರೆ ಎಲ್ಲಾ ಸಮತಟ್ಟು. ಗುಡಿ, ಅಂಗಡಿ, ಹೋಟೆಲು, ಸಮುದ್ರ ಕಾಣೋ ಕಟ್ಟೆ, ಆರಾಮಾಗಿ ನಡೆದು ನೋಡಬಹುದು. ಕೊಂಡ ಎಕ್ಕಿತೇ ಚಾಲು ಅಂತ ಫೋನಲ್ಲೇ ಹೇಳಿದ್ದೆನಲ್ಲ.”

ಲಕ್ಷ್ಮೀಕಾಂತಮ್ಮ ಹಣೆ ಒತ್ತಿಕೊಂಡರು. “ಅನ್ನಯ್ಯ, ನಿಮ್ಮ ಧಾರವಾಡದಲ್ಲಿ ಚಾಲೂ ಅಂದರೆ ಶುರು. ಇಲ್ಲಿ ಚಾಲು ಅಂದರೆ ಸಾಕು. ಗುಡ್ಡ ಹತ್ತಿದರೆ ಸಾಕು ಅಂದಿದ್ದಾನೆ. ನೀವು ಗಾಡಿ ಹತ್ತಿದರೆ ಹೊರಡುತ್ತೆ ಅಂತ ತಿಳಿದಿರಿ.”

ರಾಯರ ಕಿವಿ ಬಿಸಿಯಾಯಿತು. ಕೋಲು ಊರಿ ಒಂದು ಮೆಟ್ಟಿಲು ಹತ್ತಿದರು, ಇನ್ನೊಂದು ಹತ್ತಿದರು. ಮೂರನೆಯದಕ್ಕೆ ನಂದನ್ ಹಿಂದಿನಿಂದ ಹಿಡಿಯದಿದ್ದರೆ ಉರುಳುತ್ತಿದ್ದರು.

“ದೊಡ್ಡವರು ಇಲ್ಲೇ ಕಟ್ಟೆಯ ಮೇಲೆ ಕೂತಿರಲಿ,” ಎಂದ ರಾಮಚಂದ್ರ. ಬಳಿಕ ಉಳಿದವರ ಕಡೆ ತಿರುಗಿ, “ಚಪ್ಪಲಿ ಇಲ್ಲೇ ಬಿಡಿ. ಅವರು ನೋಡಿಕೊಳ್ಳುತ್ತಾರೆ. ಒಂದು ಗಂಟೆಗೆ ಬಸ್ಸು ಹೊರಡುತ್ತೆ, ತಡ ಮಾಡಬೇಡಿ,” ಎಂದ.

ನೋಡುನೋಡುತ್ತಿದ್ದಂತೆ ರಾಯರ ಕಾಲ ಬಳಿ ಇಪ್ಪತ್ತು ಜೊತೆ ಚಪ್ಪಲಿ ಬಿದ್ದವು. ಬಸ್ಸಿನ ಜನ ಮಾತಾಡುತ್ತ ಮೇಲೆ ಹೋದರು. ನಲವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮನುಷ್ಯ ಈಗ ಚಪ್ಪಲಿ ಕಾಯಬೇಕಾಗಿತ್ತು. ಕೋಲಿನ ತುದಿಯಿಂದ ಒಂದು ಜೊತೆಯನ್ನು ಆಚೆ ತಳ್ಳಿದರು.

ಕಟ್ಟೆಯ ಆ ತುದಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಅವರ ಮುಂದೆಯೂ ಚಪ್ಪಲಿಗಳಿದ್ದವು. ಹೆಸರು ಸೀತಾಮಹಾಲಕ್ಷ್ಮಿ, ಊರು ಭೀಮುನಿಪಟ್ಟಣ. ಸೊಂಟ ಮುರಿದ ಮೇಲೆ ಹತ್ತಲಾಗುತ್ತಿಲ್ಲ ಎಂದರು. ಲಕ್ಷ್ಮೀಕಾಂತಮ್ಮ ಅವರನ್ನು ತೆಲುಗಿನಲ್ಲಿ ವಿಚಾರಿಸಿ ರಾಯರಿಗೆ ಹೇಳಿದರು.

“ಈಯಮ್ಮ ಪ್ರತಿ ವರ್ಷ ಮಕ್ಕಳು ಮೊಮ್ಮಕ್ಕಳ ಜೊತೆ ಬರ್ತಾರಂತೆ. ಹನ್ನೊಂದು ವರ್ಷ ಆಯ್ತಂತೆ. ಒಂದು ಸಲವೂ ಮೇಲೆ ಹೋಗಿಲ್ಲ. ಪ್ರಸಾದ ಕೆಳಗೆ ತಂದುಕೊಡ್ತಾರಂತೆ.”

ರಾಯರು ಮುದುಕಿಯನ್ನೂ ಚಪ್ಪಲಿಗಳನ್ನೂ ನೋಡಿದರು. ನಂದನ್ ಬೆನ್ನು ಬಗ್ಗಿಸಿ, “ಬರ್ರಿ ಅಪ್ಪಾ, ನಾ ಹೊತ್ಕೊಂಡು ಹೋಗ್ತೀನಿ,” ಎಂದ.

“ಮ್ಯಾಲೇಳು. ನಡುವ ಬಿದ್ರ ಇಬ್ಬರದೂ ಹೆಣ ಇಳಸ್ಬೇಕಾಗ್ತದ.”

ಲಕ್ಷ್ಮೀಕಾಂತಮ್ಮ ಅಷ್ಟರಲ್ಲಿ ರಾಮಚಂದ್ರನನ್ನು ತಡೆದಿದ್ದರು. “ಮೇಲೆ ಅಂಗಡಿ ಇದೆ ಅಂದೆ. ಹೋಟೆಲಿದೆ ಅಂದೆ. ಆ ಹೋಟೆಲಿನ ಗ್ಯಾಸ್ ಸಿಲಿಂಡರ್ ಈ ಮೆಟ್ಟಿಲು ಹತ್ತಿ ಹೋಯಿತೇನಪ್ಪ?”

ಅವನು ತಡವರಿಸಿದ. “ಹಿಂದುಗಡೆ ಸಾಮಾನಿನ ರಸ್ತೆ ಇದೆ ಅಮ್ಮ. ಗೇಟಿಗೆ ಬೀಗ. ಕೀಲಿ ಗುಡಿಯ ಆಫೀಸಲ್ಲಿರುತ್ತೆ. ವಯಸ್ಸಾದವರನ್ನೂ ಬಿಡುತ್ತಾರೆ, ಆದರೆ ಮೊದಲೇ ಹೆಸರು ಕಳಿಸಬೇಕು. ನಮ್ಮ ಪಟ್ಟಿಯಲ್ಲಿ ಯಾರೂ ಸಹಾಯ ಬೇಕು ಅಂತ ಬರೆದಿರಲಿಲ್ಲ.”

ನಂದನ್ ತಂದೆಯ ಮುಖ ನೋಡಿದ. ರಾಯರು ಸಿಡಿದರು.

“ನನ್ನ ಮಾರಿ ಏನು ನೋಡ್ತಿ? ಬ್ಯಾಂಕಿನಾಗ ಒಂದು ಕಾಲಂ ತಪ್ಪಿದ್ರ ಮಂದೀನ್ನ ಮೂರು ಸಲ ಅಡ್ಡಾಡಸ್ತಿ. ಮನಿಯೊಳಗ ಅಪ್ಪ ಸುಳ್ಳು ಬರಿ ಅಂದ್ರ ಬರದಿ.” ಮರುಕ್ಷಣವೇ, “ಹೇಳಿದಾವ ನಾನ. ನನಗೂ ಬುದ್ಧಿ ಇರಲಿಲ್ಲ,” ಎಂದರು.

“ಬಸ್ಸಲ್ಲಿ ಗಾಲಿ ಕುರ್ಚಿ ಇದೆ,” ಎಂದರು ಲಕ್ಷ್ಮೀಕಾಂತಮ್ಮ. “ಬೆಳಿಗ್ಗೆ ಇಳಿಯುವಾಗ ನನ್ನ ಹೆಸರಿಗೆ ಹಡಗಿನವರ ಹತ್ತಿರ ತಗೊಂಡೆ. ಕೂತ್ಕೊಳ್ಳಿ.”

“ನಡದು ಹೋಗಬೇಕ್ರಿ. ಅದು ಆಕೀ ಹರಕಿ.”

“ಆಸ್ಪತ್ರೆಯಲ್ಲಿ ಕಮಲಮ್ಮನ ಪಕ್ಕ ನಿಂತಿದ್ದವಳು ನಾನು. ನಡೆಸಿಕೊಂಡು ಬರ್ತೀನಿ ಅಂತ ಆಕೆ ಅನ್ನಲೇ ಇಲ್ಲ. ‘ಇವರನ್ನ ಕರಕೊಂಡು ಬರ್ತೀನಿ ಸ್ವಾಮಿ’ ಅಂದಳು. ನಡೆಯೋದನ್ನ ಸೇರಿಸಿದ್ದು ನಿಮ್ಮ ಜಂಬ.”

ರಾಯರು ಕಣ್ಣು ಒರೆಸಿಕೊಂಡರು. ಆಮೇಲೆ ಮಗನಿಗೆ, “ಕುರ್ಚಿ ತಗೊಂಡು ಬಾ,” ಎಂದರು. ರಾಮಚಂದ್ರನಿಗೆ, “ಆಫೀಸಿಗೆ ಫೋನು ಹಚ್ಚು. ಇಬ್ಬರು ಅದೀವಿ ಅಂತ ಹೇಳು. ಈ ಅಮ್ಮಾವ್ರೂ ಬರ್ತಾರ,” ಎಂದರು. ಲಕ್ಷ್ಮೀಕಾಂತಮ್ಮ ಅದನ್ನು ತೆಲುಗಿನಲ್ಲಿ ತಿಳಿಸಿದರು.

ಗೇಟಿನ ಬಳಿ ಕೀಲಿ ಬರುವ ಹೊತ್ತಿಗೆ ಹನ್ನೆರಡೂವರೆ. ಆಫೀಸಿನ ರಾಜ್ಯಶ್ರೀ ಎಂಬ ಹುಡುಗಿ ಓಡುತ್ತ ಬಂದು ಬೀಗ ತೆಗೆದಳು. ಮೇಲೆ ಅಕ್ಕಿ ಇಳಿಸಿ ಬಂದು ಖಾಲಿ ನಿಂತಿದ್ದ ಮೂರು ಗಾಲಿಯ ಗಾಡಿ ಸಿಕ್ಕಿತು. ಮುದುಕಿ ಚಾಲಕನ ಪಕ್ಕದಲ್ಲಿ ಕೂತರು. ರಾಯರನ್ನು ಕುರ್ಚಿಸಮೇತ ಹಿಂದೆ ಏರಿಸಿ ನಂದನ್ ಗಟ್ಟಿಯಾಗಿ ಹಿಡಿದುಕೊಂಡ, ಲಕ್ಷ್ಮೀಕಾಂತಮ್ಮನೂ ರಾಜ್ಯಶ್ರೀಯೂ ಬದಿಗೆ ಕೂತರು. ಮೇಲೆ ತಲುಪಲು ಆರು ನಿಮಿಷ ಹಿಡಿಯಿತು.

ಗರ್ಭಗುಡಿಯ ಎದುರು ರಾಯರು ಕೈ ಮುಗಿದರು. “ಆಕಿ ಕರಕೊಂಡು ಬಂದಾಳ, ಸ್ವಾಮಿ,” ಎಂದಷ್ಟೇ ಹೇಳಿದರು. ತೀರ್ಥ ತೆಗೆದುಕೊಳ್ಳುವಷ್ಟರಲ್ಲಿ ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು. ಸಮುದ್ರ ಕಾಣುವ ಕಟ್ಟೆಗೆ ಹೋಗಲು ವೇಳೆ ಉಳಿದಿರಲಿಲ್ಲ.

“ರಾಜ್ಯಶ್ರೀಯವರಿಗೆ ಥ್ಯಾಂಕ್ಸ್ ಹೇಳ್ರಿ ಅಪ್ಪಾ,” ಎಂದ ನಂದನ್.

“ಓಡಿ ಬಂದದ್ದಕ್ಕ ಹೇಳ್ತೀನಿ. ಗೇಟು ತಗದದ್ದಕ್ಕ ಹೇಳೂದಿಲ್ಲ. ರಸ್ತಾ ಇತ್ತು, ಬೀಗ ಹಾಕಿದ್ರು. ಕೆಳಗ ಒಂದು ಬೋರ್ಡ್ ಬರಸ್ಲಿಕ್ಕೆ ಹೇಳು ಈಕಿಗೆ. ದೊಡ್ಡ ಅಕ್ಷರದಾಗ.”

ನಂದನ್ ಅದನ್ನು ತಿಳಿಸಿದಾಗ ಆ ಹುಡುಗಿ ತಲೆ ತಗ್ಗಿಸಿ, ಬರೆಸುತ್ತೇನೆ ಎಂದಳು.

ಸೀತಾಮಹಾಲಕ್ಷ್ಮಿ ಗುಡಿಯ ಕಂಬ ಹಿಡಿದು ನಿಂತಿದ್ದರು. ಅವರು ಅಳಲಿಲ್ಲ. ತಾವು ಬಂದ ರಸ್ತೆಯನ್ನೇ ನೋಡುತ್ತಿದ್ದರು. “ಇಷ್ಟು ಹತ್ತಿರವೇ?” ಎಂದು ಲಕ್ಷ್ಮೀಕಾಂತಮ್ಮನವರನ್ನು ಕೇಳಿದರು. ಹನ್ನೊಂದು ವರ್ಷದಲ್ಲಿ ಆ ರಸ್ತೆಯ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಓದುವವರೇ, ನಿಮ್ಮ ಮನೆಯಲ್ಲಿಯೂ ಇಂಥವರು ಇದ್ದಾರೆ. ಅವರನ್ನು ಬಿಟ್ಟು ಯಾತ್ರೆಗೆ ಹೊರಡಬೇಡಿ. ಕರೆದೊಯ್ದು ಬುಡದಲ್ಲಿ ಕೂರಿಸಿಯೂ ಬರಬೇಡಿ. ಹೊರಡುವ ಮೊದಲೇ ಮೆಟ್ಟಿಲು ಎಷ್ಟು, ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಸಾಮಾನು ಯಾವ ದಾರಿಯಿಂದ ಹೋಗುತ್ತದೆ, ಕೀಲಿ ಯಾರ ಬಳಿ ಇದೆ ಎಂದು ಕೇಳಿ. ಭಾಷೆ ಅರ್ಧ ಬರುತ್ತಿದ್ದರೆ ಪೂರ್ತಿ ಬರುವವರಿಂದ ಕೇಳಿಸಿ. ಅರ್ಜಿಯಲ್ಲಿ ಸಹಾಯ ಬೇಕೇ ಎಂದಿದ್ದರೆ ಬೇಕು ಎಂದು ಬರೆಯಿರಿ, ನಾಚಿಕೆಪಡಬೇಕಾದವರು ನೀವಲ್ಲ. ಗುಡಿ, ಹಡಗು, ಬಸ್ಸು ನಡೆಸುವವರೇ, ನಿಮ್ಮ ಹಿಂಬಾಗಿಲ ದಾರಿಯನ್ನು ಮುಂಬಾಗಿಲಲ್ಲಿ ಬರೆದು ಹಾಕಿ. ಅದು ನೀವು ಮಾಡುವ ದಯೆಯಲ್ಲ. ಅಕ್ಕಿ ಮೂಟೆ ಹೋಗುವ ದಾರಿಯಲ್ಲಿ ಮನುಷ್ಯರನ್ನು ಬಿಡಿ ಎಂದಷ್ಟೇ ಕೇಳುತ್ತಿದ್ದೇವೆ.