ಬಬಕೂಡೇರ

"ಮೊದಲನೇ ಭಾಗ ಸ್ವಲ್ಪ..." ಎಂದು ಶುರುಮಾಡಿ ತ್ರೇಸ್ಯಾ ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಡೆಲ್ನ ಕಾದು ಕೂತಿದ್ದಳು. ತಂಗಿ ರೋಸಿಲಿಯ ಮಗಳು. ತಾಯಿ ಸತ್ತಾಗ ಹಾಲುಹಲ್ಲಿನ ಮಗು. ಈಗ ಕಾಲೇಜು ಹುಡುಗಿ, ತ್ರಿಶೂರಿನಲ್ಲಿ ಅಚ್ಚಾದ ದಪ್ಪನೆಯ ಮಾಯಾಲೋಕದ ಕಾದಂಬರಿಯ ಲೇಖಕಿ. ಭಾನುವಾರ ಊರ ವಾಚನಾಲಯದಲ್ಲಿ ಅದರ ಚರ್ಚೆ. ಮೊದಲು ಮಾತಾಡಬೇಕಾದವರು ಈ ದೊಡ್ಡಮ್ಮನೇ.

"ಸ್ವಲ್ಪ ಏನು? ಹೇಳಿಬಿಡು ದೊಡ್ಡಮ್ಮ."

"ಬೋರು ಹೊಡೀತು ಕಣೇ. ಎಲ್ಲಿ ನೋಡಿದ್ರೂ ಹಿಮ. ಫ್ರಿಜ್ಜಲ್ಲಿ ಬಿಟ್ಟು ಬೇರೆಲ್ಲಿ ಹಿಮ ನೋಡಿದೀಯ ನೀನು? ಆ ರಾಜಕುಮಾರನೋ, ಮಾತೆತ್ತಿದ್ರೆ ನಿಟ್ಟುಸಿರು. ಉಬ್ಬಸ ಬಂದಾಗ ನಿಮ್ಮ ದೊಡ್ಡಪ್ಪನೂ ಅಷ್ಟು ಬಿಟ್ಟಿರಲಿಲ್ಲ."

ಡೆಲ್ನ ನಗಲು ನೋಡಿದಳು, ಆಗಲಿಲ್ಲ. "ಅಷ್ಟೇನಾ?"

ಅಷ್ಟೇ ಆಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ಜೀವಮಾನವಿಡೀ ಮಕ್ಕಳ ಉತ್ತರಪತ್ರಿಕೆ ತಿದ್ದಿ ದಣಿದವರು ಟೀಚರ್. ಪುಸ್ತಕವನ್ನು ಮತ್ತೆ ಮತ್ತೆ ಬದಿಗಿಟ್ಟಿದ್ದರು. ಆದರೆ ಕೊನೆಯಲ್ಲಿ, ಸಾಯುತ್ತಿರುವ ರಾಣಿ ದಾರಿತಪ್ಪಿದ ಬೆಂಕಿಹಕ್ಕಿಗಳನ್ನು ಒಂದು ಮಂತ್ರ ಹೇಳಿ ಮನೆಗೆ ಕರೆಯುತ್ತಾಳೆ. ಬಬಕೂಡೇರ. ಆ ಪುಟದಲ್ಲಿ ಬಿಕ್ಕಿಬಿಕ್ಕಿ ಅತ್ತಿದ್ದರು. ಇಂಥ ಪುಸ್ತಕಕ್ಕೆ ಅತ್ತೆನಲ್ಲ ಎಂದು ಸಿಟ್ಟೂ ಬಂದಿತ್ತು.

"ಆ ಮಂತ್ರ ಎಲ್ಲಿಂದ ತಂದೆ?"

"ಅದೊಂದೇ ನಾನು ಕಟ್ಟಿದ್ದಲ್ಲ. ಅಮ್ಮಂದು. ಸಂಜೆ ಅಂಗಳದಲ್ಲಿ ನಿಂತು ಹೇಳ್ತಿದ್ರಲ್ಲ, ಚರ್ಚಿನ ಹಳೇ ಸುರಿಯಾನಿ ಭಾಷೆಯ ಪ್ರಾರ್ಥನೆ. ಅಮ್ಮನ ದನಿ ಅಂತ ನೆನಪಿರೋದೇ ಅಷ್ಟು. ಭಾನುವಾರ ಎಲ್ಲರ ಮುಂದೆ ಹೇಳ್ತೀನಿ."

ಟೀಚರಿಗೆ ಗೊತ್ತಿತ್ತು. ಅದು ಪ್ರಾರ್ಥನೆಯೂ ಅಲ್ಲ, ಸುರಿಯಾನಿಯೂ ಅಲ್ಲ. ಬನ್ನಿ, ಗೂಡು ಹತ್ತಿ ಎಂದು ರೋಸಿಲಿ ಮಲಯಾಳದಲ್ಲಿ ಕೋಳಿಗಳನ್ನು ಕರೆಯುತ್ತಿದ್ದ ಕರೆ. ವಾಚನಾಲಯದ ಮುಂದಿನ ಸಾಲಿನಲ್ಲಿ ಕೂರುವ ಮುದುಕಿಯರೆಲ್ಲ ಅವಳ ಬೇಲಿಯಾಚೆಯವರೇ. ಬಿದ್ದು ಬಿದ್ದು ನಗುತ್ತಾರೆ. ಈಗಲೇ ಹೇಳಿಬಿಟ್ಟರೆ, ಹುಡುಗಿಗೆ ಉಳಿದಿರುವ ಅಷ್ಟು ತಾಯಿಯನ್ನೂ ಕಿತ್ತುಕೊಂಡಂತೆ.

ಹೊತ್ತು ಮುಳುಗುತ್ತಿತ್ತು. ಟೀಚರ್ ಮೊಣಕಾಲು ಹಿಡಿದುಕೊಂಡು ಎದ್ದು, ನುಚ್ಚಿನ ತಟ್ಟೆಯೊಂದಿಗೆ ಅಂಗಳಕ್ಕಿಳಿದರು. ತಂಗಿ ಹೋದಮೇಲೆ ಆ ಕರೆ ಅವರ ಬಾಯಿಗೆ ಬಂದಿರಲಿಲ್ಲ.

"ಬಾ ಬಾ... ಕೂಡೇರು ಬಾ."

ಕೋಳಿಗಳು ತಲೆಯೆತ್ತಿದವು. ನುಚ್ಚು ಹೆಕ್ಕುತ್ತಾ ಬಂದು, ಹಲಗೆ ಹತ್ತಿ, ಒಂದೊಂದಾಗಿ ಗೂಡು ಸೇರಿದವು.

"ಕೋಳೀನಾ," ಎಂದಳು ಡೆಲ್ನ ಮೆಟ್ಟಿಲ ಮೇಲಿಂದ.

"ಕೋಳಿ. ಆಟ ಬಿಟ್ಟು ನೀನು ಒಳಗೆ ಬರ್ದೇ ಇದ್ರೆ ನಿನ್ನನ್ನೂ ಹಾಗೇ ಕರೀತಿದ್ಲು."

ಹುಡುಗಿ ಮುಖ ಮುಚ್ಚಿಕೊಂಡಳು. "ಪುಸ್ತಕದಲ್ಲಿ ತಪ್ಪಾಗಿಹೋಯ್ತಲ್ಲ ದೊಡ್ಡಮ್ಮ."

"ಹಿಮ ತಪ್ಪು. ಇದಲ್ಲ."

ಕರಿಕೋಳಿಯೊಂದು ಇನ್ನೂ ಬಾಳೆಯ ಬುಡದಲ್ಲೇ ನಿಂತಿತ್ತು. ಡೆಲ್ನ ಕಣ್ಣೊರೆಸಿಕೊಂಡು ಇಳಿದು ಬಂದು ನುಚ್ಚಿಗೆ ಕೈಯೊಡ್ಡಿದಳು.