ಬೂಟಿನಡಿಯ ನೆಲಗಪ್ಪೆ

ಕಾಡು ತೋರಿಸುವ ಆ ಗೈಡಿಗೆ ಜೊತೆಯವರು ಇಟ್ಟ ಹೆಸರು ಹತ್ತಿಗಾಲ. ತರಗೆಲೆಯ ಮೇಲೆ ನಡೆದರೂ ಸದ್ದಾಗದು ಎಂದು ಅವನಿಗೂ ಒಳಗೊಳಗೇ ಜಂಬ. ಆ ಮಳೆಕಾಡಿನಲ್ಲಿ, ಒಂದೇ ಒಂದು ತೊರೆಯ ಪಕ್ಕದ ಕೊಳೆತ ಎಲೆಗಳ ನಡುವೆ, ಹೆಬ್ಬೆರಳ ಉಗುರಿನಷ್ಟೇ ಇರುವ ನೆಲಗಪ್ಪೆ ಬದುಕಿತ್ತು. ಬೆನ್ನು ಒಣಗಿದೆಲೆಯ ಬಣ್ಣ, ಹೊಟ್ಟೆಯ ಮೇಲೆ ಹಳದಿ ಚುಕ್ಕೆ. ಬಿದ್ದ ಕಾಯಿಯ ಚಿಪ್ಪಿನಲ್ಲಿ ನಿಂತ ನೀರೇ ಅದರ ಮರಿಗಳಿಗೆ ಕೆರೆ.

ಅದರ ಚಿತ್ರ ಬರೆಯಬೇಕೆಂದು ನಿವೃತ್ತ ಡ್ರಾಯಿಂಗ್ ಟೀಚರೊಬ್ಬರು ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಮಂಡಿನೋವು ಬೇರೆ. ಕೋಲೂರಿಕೊಂಡು ನಡೆಯುತ್ತಿದ್ದರು.

"ಟೀಚರೇ, ನೋಡ್ಕೊಂಡು ಕಾಲಿಡಿ. ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂದು ಹಿಂದೆ ತಿರುಗಿ ಗದರುತ್ತಲೇ ಅವನು ಹೆಜ್ಜೆ ಮುಂದಿಟ್ಟ. ಬೂಟಿನಡಿ ಏನೋ ಮೆತ್ತಗೆ ಅಮುಕಿದಂತಾಯಿತು. ಏನೆಂದು ಬಗ್ಗಿ ನೋಡಬೇಕಾಗಿರಲಿಲ್ಲ.

"ಯಾಕಪ್ಪಾ ನಿಂತ್ಬಿಟ್ಟೆ?"

"ಶ್! ಕಪ್ಪೆ ಕೂಗು ಕೇಳ್ತಾ ಇದೀನಿ."

ಟೀಚರು ಅವನನ್ನು ನಂಬಿ, ಕಣ್ಣು ಮುಚ್ಚಿ, ಇಲ್ಲದ ಕೂಗಿಗೆ ಕಿವಿಗೊಟ್ಟು ನಿಂತರು. ಅಷ್ಟರಲ್ಲಿ ಅವನು ಅದನ್ನು ಎಲೆಯಲ್ಲಿ ಸುತ್ತಿ ಜೇಬಿಗೆ ಸೇರಿಸಿದ. ಆಮೇಲೆ ಮಧ್ಯಾಹ್ನದವರೆಗೆ ಹುಡುಕಿದರೂ ಇನ್ನೊಂದು ಸಿಗಲಿಲ್ಲ.

ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತು ಟೀಚರು ಅವನಿಗೆ ಬಿಸ್ಕತ್ತು ಕೊಟ್ಟರು. "ಬೇಜಾರು ಮಾಡ್ಕೋಬೇಡ. ಕಾಣೋದು ಬಿಡೋದು ನಿನ್ನ ಕೈಲಿದೆಯಾ? ನಿನ್ನಂಥೋನು ಇರೋದ್ರಿಂದ್ಲೇ ಅವು ಉಳ್ಕೊಂಡಿವೆ."

ಅವನು ಬಿಸ್ಕತ್ತನ್ನು ಬೆಂಚಿನ ಮೇಲಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವನು ಜೇಬಿನಿಂದ ಎಲೆ ತೆಗೆದು, ಬಿಡಿಸಿ, ಅಂಗೈ ಚಾಚಿದ.

"ನಾನೇ ತುಳಿದೆ, ಟೀಚರೇ. ಕೂಗೂ ಇರಲಿಲ್ಲ, ಗೀಗೂ ಇರಲಿಲ್ಲ."

ಬಸ್ಸು ಬಂತು. ಟೀಚರು ಏಳಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆಮೇಲೆ ಪೆನ್ಸಿಲ್ ತೆಗೆದರು.

"ಕೈ ಅಲ್ಲಾಡಿಸ್ಬೇಡ."

ಚಪ್ಪಟೆಯಾದ ಬೆನ್ನು, ಪಕ್ಕಕ್ಕೆ ಚಾಚಿದ ಒಂದು ಕಾಲು, ಇದ್ದದ್ದನ್ನು ಇದ್ದ ಹಾಗೇ ಬರೆಯತೊಡಗಿದರು. ಬಸ್ಸು ಹೋಗಿಯೇಬಿಟ್ಟಿತು. ದಾರಿಹೋಕರು ಬಗ್ಗಿ ನೋಡಿ "ಏನ್ರೀ ಅದು?" ಎಂದಾಗೆಲ್ಲ ಟೀಚರು ತಲೆಯೆತ್ತದೆ ಪೆನ್ಸಿಲಿನಿಂದ ಅವನತ್ತ ತೋರಿಸುತ್ತಿದ್ದರು. ಅವನೇ ಹೇಳಬೇಕಾಗುತ್ತಿತ್ತು: "ನೆಲಗಪ್ಪೆ. ನಾನು ತುಳಿದದ್ದು." ಮೂರನೆಯ ಸಲ ಹೇಳುವಾಗ ಕಿವಿಯೆಲ್ಲ ಬಿಸಿಯಾಗಿ, ಭೂಮಿ ಬಾಯಿಬಿಡಬಾರದೇ ಎನಿಸಿತು.

ಚಿತ್ರ ಮುಗಿಯಿತು. "ಎಲ್ಲಿತ್ತೋ ಅಲ್ಲೇ ಇಟ್ಟು ಬಾ. ನಾನಿಲ್ಲೇ ಕೂತಿರ್ತೀನಿ" ಎಂದರು ಟೀಚರು.

ಅವನು ಹೋಗಿ ಬಂದ. ಮುಂದಿನ ಬಸ್ಸು ಹತ್ತುವಾಗ ಟೀಚರು ಆಸರೆಗೆ ಅವನ ಭುಜ ಹಿಡಿದುಕೊಂಡರು. ಆದರೆ ಮತ್ತೆ ಬರುತ್ತೇನೆ ಎನ್ನಲಿಲ್ಲ. ಬನ್ನಿ ಎನ್ನಲು ಅವನಿಗೂ ಮುಖವಿರಲಿಲ್ಲ.