ಮೊಣಕಾಲು ನೋವು

ನಾಗೇಂದ್ರಪ್ಪ ಮೇಷ್ಟರು ಕೊಡೆ ಹಿಡಿದು ಸೊಕ್ಕೆ ಹಳ್ಳಿಯ ಬೀದಿಗೆ ಕಾಲಿಟ್ಟ ಕೂಡಲೇ ಎಡಗಡೆಯ ಮೂರು ಬಾಗಿಲುಗಳು ಮುಚ್ಚಿಕೊಂಡವು. ಬಲಗಡೆ ಹೆಂಗಸೊಬ್ಬಳು ಬಿಸಿಲಿಗೆ ಹರವಿದ್ದ ಕಾಳನ್ನು ಸೆರಗಿಗೆ ಬಾಚಿಕೊಂಡು ಒಳಗೆ ಓಡಿದಳು. ಊರಿನವರಿಗೆ ಇದು ನಿದ್ದೆಯ ಹೊತ್ತೇನೋ ಎಂದುಕೊಂಡು ಮೇಷ್ಟರು ಮುಂದೆ ನಡೆದರು. ಲೋಕದ ವಿಷಯದಲ್ಲಿ ಅವರು ಅಷ್ಟಕ್ಕಷ್ಟೇ.

ಚನ್ನಗಿರಿಯಿಂದ ಜಗಳೂರಿನ ಸ್ಕೂಲಿಗೆ ವರ್ಗವಾಗಿ ಬಂದಿದ್ದ ಅವರಿಗೆ ಕಥೆ ಬರೆಯುವ ಹುಚ್ಚು. ಬೆಂಗಳೂರಿನ ಮಾಸಪತ್ರಿಕೆಯೊಂದಕ್ಕೆ ಕಳಿಸಿದ್ದ ಮೂರು ಕಥೆಗಳೂ ಹೋದ ದಾರಿಯಲ್ಲೇ ಹಿಂದಿರುಗಿದ್ದವು. ಮೂರನೆಯದರ ಜೊತೆ ಸಂಪಾದಕರ ಎರಡು ಸಾಲು ಬಂದಿತ್ತು: "ನಿಮ್ಮ ಕಥೆಗಳಲ್ಲಿ ಗೌಡ, ಗಾಡಿ ಹೊಡೆಯುವವನು, ಹಾಲುಗೂಸು ಎಲ್ಲರೂ ಮೇಷ್ಟರ ಹಾಗೆಯೇ ಮಾತಾಡುತ್ತಾರೆ. ದಯವಿಟ್ಟು ಸ್ವಲ್ಪ ಹೊರಗೆ ತಿರುಗಾಡಿ ಬನ್ನಿ." ಮಾತು ಚುಚ್ಚಿತು, ಆದರೆ ಸುಳ್ಳಾಗಿರಲಿಲ್ಲ. ಬಾಯಲ್ಲಿ 'ಐತೆ' ಎನ್ನುವವರು ಪೆನ್ನು ಹಿಡಿದೊಡನೆ 'ಇರುವುದು' ಎನ್ನುತ್ತಿದ್ದರು. ಎರಡನೆಯ ಮಹಾಯುದ್ಧದ ದೆಸೆಯಿಂದ ಕಾಗದ ಸಿಗುವುದೂ ಕಷ್ಟವಾಗಿ, ಮನೆಯಲ್ಲಿ ಉಳಿದಿದ್ದದ್ದು ಒಂದೇ ನೋಟುಪುಸ್ತಕ. ಅದು ತುಂಬುವುದರೊಳಗೆ ಒಂದು ಒಳ್ಳೆಯ ಕಥೆ ಬರದಿದ್ದರೆ ಬರೆಯುವುದಕ್ಕೇ ಕೈಮುಗಿದುಬಿಡುತ್ತೇನೆಂದು ಹೆಂಡತಿ ಬಂಗಾರಮ್ಮನೆದುರು ಆಣೆ ಮಾಡಿದ್ದರು.

ಅಂದಿನಿಂದ ಪ್ರತಿ ಭಾನುವಾರ ಒಬ್ಬರೇ ಹೊರಡುವುದು. ಸ್ಕೂಲಿನ ರೇವಣ್ಣನವರು ತಾವೂ ಬರುತ್ತೇನೆಂದಿದ್ದರು. ರೇವಣ್ಣನವರು ಜೊತೆಗಿದ್ದರೆ ಬೇರೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲವೆಂದು ಮೇಷ್ಟರು ತಪ್ಪಿಸಿಕೊಂಡಿದ್ದರು. ಇದು ನಾಲ್ಕನೆಯ ಭಾನುವಾರ. ನೋಟುಪುಸ್ತಕದಲ್ಲಿ ಇಷ್ಟರವರೆಗೆ ಸೇರಿದ್ದು ಮೂರು ಸೂರ್ಯಾಸ್ತ.

ಬೀದಿಯ ಕೊನೆಯಲ್ಲಿ ಒಂದು ಬಾಗಿಲು ಮಾತ್ರ ತೆರೆದಿತ್ತು. ಅಂಗಳದ ನಡುವೆ ಈಚಲು ಚಾಪೆಯ ಮೇಲೆ ಮುದುಕಿಯೊಬ್ಬಳು ಕಾಲು ನೀಡಿ ಕೂತು ಹುರುಳಿ ಆರಿಸುತ್ತಿದ್ದಳು. ಜಗಲಿಯ ಮೇಲೆ ತಣ್ಣನೆಯ ನೆರಳಿದ್ದರೂ ಕೂತಿದ್ದದ್ದು ಉರಿಬಿಸಿಲಲ್ಲಿ.

"ಒಂಚೂರು ನೀರು ಸಿಗ್ತೈತೇನಜ್ಜಿ?"

"ಜಗಲಿ ಮ್ಯಾಲೆ ಗಡಿಗೆ ಐತೆ, ನೀವೇ ತಗಂಡು ಕುಡೀರಿ ಸ್ವಾಮಿ. ನನಗೆ ಏಳಾಕಾಗಲ್ಲ, ಮೊಣಕಾಲು ನೋವು."

ಮೇಷ್ಟರು ನೀರು ಕುಡಿದು ಜಗಲಿಯ ಮೇಲೆ ಕೂತು ನೋಟುಪುಸ್ತಕ ತೆಗೆದರು. ಮಾತಿಗೊಂದು ಎಳೆ ಬೇಕಲ್ಲ, "ಮಳೆ ಬೆಳೆ ಹೆಂಗಜ್ಜಿ ಈ ಸಲ?" ಎಂದರು.

ಮುದುಕಿ, ಅವಳ ಹೆಸರು ಕಾಟಮ್ಮ, ಮೊರ ಕೆಳಗಿಟ್ಟಳು.

"ಮಳೆ ಬಂತು ಸ್ವಾಮಿ, ಇಲ್ಲ ಅನ್ನಲ್ಲ. ನಮ್ಮ ಹೊಲದ ಬದುವಿನ ತನಕ ಬಂತು. ಅಲ್ಲಿ ನಿಂತ್ಕಂಡು ಆ ಕಡೆ ಈ ಕಡೆ ನೋಡ್ತು. ಆಮೇಲೆ ಗಾದ್ರಪ್ಪನ ಹೊಲಕ್ಕೆ ಹೊಂಟೋತು."

ಮೇಷ್ಟರ ಪೆನ್ಸಿಲು ತಾನಾಗಿ ಓಡಿತು. ಅದು ಓಡಿದಷ್ಟೂ ಕಾಟಮ್ಮ ಚುರುಕಾದಳು.

"ಒಂದಿಷ್ಟು ರಾಗಿ ಆತು, ಸುಳ್ಳ್ಯಾಕೆ ಹೇಳ್ಲಿ. ಅದಕ್ಕೆ ಜಿಂಕೆ ಬಂದ್ವು. ಓಡ್ಸಾಕೆ ಅಂತ ನಮ್ಮ ಮುದುಕನ ಅಂಗಿ ತೊಡಿಸಿ ಬೆದರುಬೊಂಬೆ ನಿಲ್ಲಿಸಿದೆ. ಅವನು ಸತ್ತು ಆರು ವರ್ಷ ಆತು. ಬದುಕಿದ್ದಾಗ್ಲೇ ಯಾರನ್ನೂ ಹೆದರಿಸ್ದೋನಲ್ಲ, ಅವನ ಅಂಗಿಗೆ ಜಿಂಕೆ ಹೆದರ್ತಾವಾ? ತೋಳಿಗೆ ಮೈ ಉಜ್ಜಿಕಂಡು ಮೇಯ್ದು ಹೋದ್ವು."

"ಉಳಿದಿದ್ದು?"

"ಮಗಳ ಬಾಣಂತನಕ್ಕೆ ಆತು. ಅವಳಿ ಮಕ್ಳು. ಇಬ್ಬರಿಗೂ ಗಂಜಿ ಆಗಬೇಕಲ್ಲ."

"ಎಷ್ಟು ದಿನದ ಕೂಸುಗಳು?"

"ಹನ್ನೊಂದು."

"ಹನ್ನೊಂದು ದಿನಕ್ಕೇ ರಾಗಿ ಗಂಜಿ ಕುಡೀತಾವಾ ಅಜ್ಜಿ?"

ಕಾಟಮ್ಮ ರೆಪ್ಪೆ ಮಿಟುಕಿಸಲಿಲ್ಲ. "ಅವರಪ್ಪನಂಗೆ ಹುಟ್ಯಾವೆ."

ಮೇಷ್ಟರಿಗೆ ನಗು ತಡೆಯಲಾಗಲಿಲ್ಲ. ನಗುವಿನ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಸತ್ತ ಗಂಡನನ್ನು ಕರೆತರಬೇಕು ಎಂದು ಈಕೆಗೆ ಯಾರು ಕಲಿಸಿದರು? ಹತ್ತು ವರ್ಷ ಮೇಜಿನ ಮುಂದೆ ಕೂತರೂ ತನಗೆ ಒಲಿಯದ ವಿದ್ಯೆ ಇಲ್ಲಿ ಹುರುಳಿ ಆರಿಸುತ್ತಾ ಕೂತಿದೆ. ಆ ಗಳಿಗೆಯಲ್ಲಿ ಅವರಿಗೆ ಎದ್ದು ಆಕೆಯ ಕಾಲು ಮುಟ್ಟಬೇಕೆನಿಸಿತು. ಅದರ ಬದಲು, ಬರೆದದ್ದನ್ನು ಒಂದಕ್ಷರ ಬಿಡದೆ ಆಕೆಗೇ ಓದಿ ಹೇಳಿದರು.

ಕೇಳುತ್ತಾ ಕೇಳುತ್ತಾ ಕಾಟಮ್ಮನ ಮುಖ ಬಾಡಿತು. "ಇಷ್ಟನ್ನೂ ಅಮಲ್ದಾರ್ರ ಮುಂದೆ ಓದ್ತೀರಾ ಸ್ವಾಮಿ?"

"ಅಮಲ್ದಾರ್ರ ಮುಂದೆ ಯಾಕಜ್ಜಿ? ನಾನು ಸ್ಕೂಲ್ ಮೇಷ್ಟ್ರು. ಕಥೆ ಬರಿಯಾಕೆ ಬಂದೋನು."

"ಲೇವಿಯೋರಲ್ವಾ?"

ಮುಚ್ಚಿದ ಬಾಗಿಲುಗಳ ಅರ್ಥ ಮೇಷ್ಟರಿಗೆ ಆಗ ಹೊಳೆಯಿತು. ಯುದ್ಧ ಶುರುವಾದ ಮೇಲೆ, ಬೆಳೆದ ಕಾಳಿನಲ್ಲಿ ಸರ್ಕಾರಕ್ಕೆ ಇಷ್ಟೆಂದು ಅಳೆದು ಒಯ್ಯುವ ಲೇವಿ ಬಂದಿತ್ತು. ಅಳೆಯಲು ಬರುವವರು ಹೀಗೆಯೇ ಕೋಟು, ಕೊಡೆ, ನೋಟುಪುಸ್ತಕದೊಡನೆ ಬರುತ್ತಿದ್ದರು.

"ಸುಮ್‌ಸುಮ್ನೆ ನನ್ನ ಕೈಲಿ ಇಷ್ಟು ಸುಳ್ಳು ಖರ್ಚು ಮಾಡಿಸಿದ್ರಲ್ಲ ಮೇಷ್ಟ್ರೇ!" ಕಾಟಮ್ಮ ಬಾಯಿ ತುಂಬ ನಕ್ಕಳು. "ಇರ್ರಿ, ರೊಟ್ಟಿ ತರ್ತೀನಿ." ನಗುವಿನ ಭರದಲ್ಲಿ ಹುಡುಗಿಯ ಹಾಗೆ ಎದ್ದೇಬಿಟ್ಟಳು. ಕಾಲಿಗೆ ಸಿಕ್ಕ ಚಾಪೆ ಪಕ್ಕಕ್ಕೆ ಸರಿಯಿತು. ಕೆಳಗೆ ಹಸಿ ಸಗಣಿ ಸಾರಿಸಿದ ಗುಂಡನೆಯ ಗುರುತು, ಅದರಂಚಿನಲ್ಲಿ ಕಲ್ಲುಚಪ್ಪಡಿ. ಕಾಳು ಹೂತಿಡುವ ಹಗೇವಿನ ಬಾಯಿ.

ಇಬ್ಬರೂ ಅದನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಇದನ್ನೂ ಬರೀತೀರಾ?" ಈ ಸಲ ಆಕೆಯ ದನಿಯಲ್ಲಿ ಕಥೆಯಿರಲಿಲ್ಲ.

ಇಂಥ ಕೊನೆ ತನಗೆ ಇನ್ನೊಮ್ಮೆ ಸಿಗುವುದಿಲ್ಲವೆಂದು ಮೇಷ್ಟರಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾಸಪತ್ರಿಕೆ ಜಗಳೂರಿನ ಅಮಲ್ದಾರರ ಕಚೇರಿಗೂ ಬರುತ್ತದೆಂಬುದೂ ಗೊತ್ತಿತ್ತು. ಪೆನ್ಸಿಲನ್ನು ಜೇಬಿಗೆ ಸೇರಿಸಿದರು.

"ಮೊಣಕಾಲು ನೋವು ಅಂದ್ರಲ್ಲ," ಎಂದರು. "ಕೂತ್ಕಳ್ರಿ ಅಜ್ಜಿ."

ಕಾಟಮ್ಮ ಚಾಪೆ ಸರಿಮಾಡಿ ಕೂತಳು.

ಎರಡು ವಾರದಲ್ಲಿ ಕಥೆ ಮುಗಿಯಿತು. ಊರಿಗೆ ಹೆಸರಿರಲಿಲ್ಲ, ಹಗೇವಿನ ಮಾತೂ ಇರಲಿಲ್ಲ. ಕೊನೆಯ ಸಾಲು ಇಷ್ಟೇ: 'ಕಡೆಯವರೆಗೂ ಅಜ್ಜಿ ಚಾಪೆ ಬಿಟ್ಟು ಏಳಲಿಲ್ಲ.' ತಿಂಗಳ ಮೇಲೆ ಸಂಪಾದಕರಿಂದ ಕಾರ್ಡು ಬಂತು. "ಕಥೆ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅಂತೂ ಹೊರಗೆ ಹೋಗಿ ಬಂದಿರಿ, ಸಂತೋಷ. ಒಂದೇ ಸಂಶಯ: ಅಜ್ಜಿ ಏಕೆ ಏಳಲಿಲ್ಲ?"

ಬಂಗಾರಮ್ಮನಿಗೆ ಕಾರ್ಡನ್ನು ಎರಡು ಸಲ ಓದಿ ಹೇಳಿ, ಭಾನುವಾರ ಮೇಷ್ಟರು ಸೊಕ್ಕೆಗೆ ನಡೆದರು. ಈ ಸಲ ಬಾಗಿಲುಗಳು ಮುಚ್ಚಲಿಲ್ಲ. ಅಂಗಳದ ಬಿಸಿಲಲ್ಲಿ, ಅದೇ ಚಾಪೆಯ ಮೇಲೆ, ಕಾಟಮ್ಮ ಕಾರ್ಡಿನ ಮಾತನ್ನೆಲ್ಲ ತಲೆದೂಗುತ್ತಾ ಕೇಳಿದಳು.

"ಮೊಣಕಾಲು ನೋವು ಅಂತ ಬರೀರಿ," ಎಂದಳು.

ಮೇಷ್ಟರು ನಿಂತಲ್ಲೇ ಬರೆದುಕೊಂಡರು. ಕಾಟಮ್ಮ ಮೊರವನ್ನು ಆಚೆಗಿಟ್ಟು, ಒಂದಿಷ್ಟು ಸರಿದು, ಚಾಪೆಯ ಮೇಲೆ ಅವರಿಗೂ ಜಾಗ ಮಾಡಿದಳು.